ಪರೀಕ್ಷೆ ನನಗೋ, ಅಮ್ಮನಿಗೋ?

ಪ್ರಶ್ನೆ (ಹೆಸರು ಬೇಡ, ಹಾಸನ): ನಮಸ್ಕಾರ ಮೇಡಂ. ನನಗೆ 23 ವರ್ಷ, ಎಂ.ಕಾಂ. ಓದುತ್ತಿದ್ದೇನೆ, ಮದುವೆಯಾಗಿಲ್ಲ. ಕಾಲೇಜಿನ ಆರೋಗ್ಯ ಶಿಬಿರದಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಹೇಳಿದರು. ಅದನ್ನು ಮೊದಲೇ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆ ಯಾರು ಮಾಡಿಸಬೇಕು ಎಂದು ಕೇಳೋಣವೆಂದರೆ ಬಾಯಿ ಬರಲಿಲ್ಲ. ಹಾಸ್ಟೆಲಿನಲ್ಲಿ ಒಬ್ಬಳು ‘ಅದೆಲ್ಲ ಮದುವೆಯಾದವರಿಗೆ’ ಎಂದಳು. ಇನ್ನೊಬ್ಬಳು ‘ಕೇಳಿದರೆ ನಿನ್ನ ಮೇಲೆಯೇ ಅನುಮಾನ ಪಡುತ್ತಾರೆ’ ಎಂದಳು. ನಮ್ಮ ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ನಾನು ಮಾಡಿಸಬೇಕೇ? ನೋವಾಗುತ್ತದೆಯೇ?

ಉತ್ತರ (ಸ್ತ್ರೀರೋಗ ತಜ್ಞೆ): ಮನೆತನದ ಮಾತು ಮೊದಲು. ಈ ಕ್ಯಾನ್ಸರಿಗೆ ವಂಶಾವಳಿ ಬೇಕಿಲ್ಲ. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳ ಹಿಂದೆಯೂ ಇರುವುದು ಎಚ್‌ಪಿವಿ ಎಂಬ ವೈರಸ್. ದೈಹಿಕ ಸಂಪರ್ಕದಿಂದ ಹರಡುತ್ತದೆ. ಒಬ್ಬರೇ ಸಂಗಾತಿ ಇದ್ದವರಿಗೂ ತಗಲುತ್ತದೆ. ಬಹುತೇಕರಲ್ಲಿ ಒಂದೆರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಸಾಮಾನ್ಯವಾಗಿ 15–20 ವರ್ಷಗಳಲ್ಲಿ ಕ್ಯಾನ್ಸರ್ ಆಗಬಹುದು. ಅಷ್ಟು ದೀರ್ಘ ಅವಧಿ ಸಿಗುವುದರಿಂದಲೇ ಪರೀಕ್ಷೆಗೆ ಅರ್ಥವಿದೆ.

ದೈಹಿಕ ಸಂಪರ್ಕವೇ ಆಗಿಲ್ಲದಿದ್ದರೆ ನಿಮಗೆ ಈಗ ಪರೀಕ್ಷೆ ಬೇಡ. ಆಗಿದ್ದರೂ ನಮ್ಮ ಸರ್ಕಾರದ ಕಾರ್ಯಕ್ರಮ ಶುರುವಾಗುವುದು 30ಕ್ಕೆ, ಮುಗಿಯುವುದು 65ಕ್ಕೆ, ಐದು ವರ್ಷಕ್ಕೊಮ್ಮೆ. ಕೆಲವು ದೇಶಗಳಲ್ಲಿ 25ಕ್ಕೇ ಆರಂಭಿಸುತ್ತಾರೆ. ಇಪ್ಪತ್ತರ ಆಸುಪಾಸಿನಲ್ಲಿ ನೋಡಿದರೆ, ತಾನಾಗಿ ಹೋಗುವ ಸೋಂಕು ಕಣ್ಣಿಗೆ ಬಿದ್ದು ಸುಮ್ಮನೆ ಗಾಬರಿ.

‘ಅನುಮಾನ’ದ ವಿಷಯದಲ್ಲಿ ತಪ್ಪು ನಮ್ಮದೂ ಇದೆ. ‘ಮದುವೆಯಾಗಿದೆಯೇ?’ ಎಂದು ವೈದ್ಯರು ಕೇಳುವಾಗ ತಿಳಿಯಬೇಕಿರುವುದು ಬೇರೆಯೇ, ದೈಹಿಕ ಸಂಪರ್ಕ ಆಗಿದೆಯೇ ಎಂದು. ನೇರವಾಗಿ ಕೇಳಲು ನಮಗೇ ಸಂಕೋಚವಾದರೆ ಹುಡುಗಿಯರು ಎಲ್ಲಿ ಬಾಯಿಬಿಡುತ್ತಾರೆ? ನಾನೂ ವರ್ಷಗಟ್ಟಲೆ ಹಾಗೆಯೇ ಕೇಳಿದ್ದೇನೆ.

ನಿಮ್ಮ ವಯಸ್ಸಿಗೆ ಬೇಕಿರುವುದು ಎಚ್‌ಪಿವಿ ತಡೆಯುವ ಲಸಿಕೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು 9ರಿಂದ 26 ವರ್ಷದವರಿಗೆ. 15 ದಾಟಿದವರಿಗೆ ಆರು ತಿಂಗಳಲ್ಲಿ ಮೂರು ಡೋಸ್. ಸಂಪರ್ಕಕ್ಕೆ ಮುಂಚೆ ಹಾಕಿಸಿದರೆ ಫಲ ಹೆಚ್ಚು. ಹಾಕಿಸಿಕೊಂಡರೂ 30ರ ನಂತರದ ಪರೀಕ್ಷೆ ತಪ್ಪುವುದಿಲ್ಲ, ಏಕೆಂದರೆ ವೈರಸ್‌ನ ಎಲ್ಲ ಬಗೆಗಳನ್ನೂ ಅದು ತಡೆಯುವುದಿಲ್ಲ.

ಒಂದು ಮಾತು ಕೇಳಲೇ? ನಿಮ್ಮ ತಾಯಿಯ ವಯಸ್ಸೆಷ್ಟು?

ಪ್ರಶ್ನೆ: 47 ಮೇಡಂ. ನಿಮ್ಮ ಉತ್ತರ ಓದಿ ಹೇಳಿದೆ. ‘ಎರಡು ಹೆರಿಗೆ ಆಗಿದೆ, ಆಪರೇಷನ್ನೂ ಆಗಿದೆ, ನನಗೇನಾಗಿದೆ?’ ಎಂದರು.

ಉತ್ತರ: ಆ ‘ನನಗೇನಾಗಿದೆ’ಯನ್ನು ದಿನಾ ಕೇಳುತ್ತೇನೆ. ಏನೂ ಆಗದವರಿಗಾಗಿಯೇ ಇರುವ ಪರೀಕ್ಷೆ ಇದು. ಸಂಪರ್ಕದ ನಂತರ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ವಾಸನೆಯ ಬಿಳಿಸೆರಗು ಕಂಡರೆ ಪರೀಕ್ಷೆಯ ಸರದಿ ಕಾಯದೆ ಅಂದೇ ತೋರಿಸಬೇಕು. ಮಕ್ಕಳಾಗದಂತೆ ಮಾಡಿಸಿದ ಆಪರೇಷನ್‌ನಲ್ಲಿ ಕಟ್ಟುವುದು ನಳಿಕೆಯನ್ನು. ಗರ್ಭಕೋಶದ ಬಾಯಿ ಇದ್ದ ಹಾಗೆಯೇ ಇರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 30–49 ವಯಸ್ಸಿನ ನೂರು ಹೆಂಗಸರಲ್ಲಿ ಇಬ್ಬರೂ ಈ ಪರೀಕ್ಷೆ ಮಾಡಿಸಿಲ್ಲ. ನಿಮ್ಮ ತಾಯಿ ಒಬ್ಬಂಟಿಯಲ್ಲ.

ಏನು ಮಾಡುತ್ತಾರೆ ಎಂದು ಅವರಿಗೆ ಬಿಡಿಸಿ ಹೇಳಿ. ಮಂಚದ ಮೇಲೆ ಮಲಗಿಸಿ, ಮೊಣಕಾಲು ಮಡಚಿಸಿ, ಬಾತುಕೋಳಿಯ ಕೊಕ್ಕಿನಂಥ ಉಪಕರಣದಿಂದ ದಾರಿ ಬಿಡಿಸುತ್ತಾರೆ. ಸ್ಟೀಲಿನದಾದರೆ ತಣ್ಣಗಿರುತ್ತದೆ, ನಮ್ಮ ನರ್ಸ್ ಬಿಸಿನೀರಿನಲ್ಲಿ ಅದ್ದಿ ಕೊಡುತ್ತಾರೆ. ಸರ್ಕಾರಿ ಕೇಂದ್ರಗಳಲ್ಲಿ ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿಸಿ ಹತ್ತಿಯಿಂದ ಹಚ್ಚಿ, ಒಂದು ನಿಮಿಷ ಕಾದು, ಬೆಳ್ಳಗಾದ ಭಾಗವಿದೆಯೇ ಎಂದು ನೋಡುತ್ತಾರೆ. ಪ್ಯಾಪ್ ಆದರೆ ಸಣ್ಣ ಬ್ರಷ್ ತಿರುಗಿಸಿ ಜೀವಕೋಶ ತೆಗೆಯುತ್ತಾರೆ. ಸ್ವಲ್ಪ ಕಸಿವಿಸಿ, ಸ್ವಲ್ಪ ಒತ್ತಿದಂತೆ. ಬಿಳಿ ಕಂಡರೆ ಅದೇ ಕ್ಯಾನ್ಸರ್ ಎಂದಲ್ಲ. ಹೆಚ್ಚಿನ ಪರೀಕ್ಷೆ ಬೇಕು ಎಂದಷ್ಟೇ.

ಪ್ರಶ್ನೆ: ಒಪ್ಪಿದರು ಮೇಡಂ, ಆದರೆ ಶ್ರಾವಣ ಕಳೆಯಲಿ ಎನ್ನುತ್ತಿದ್ದಾರೆ.

ಉತ್ತರ: ಶ್ರಾವಣ ಕಳೆದರೆ ಗಣಪತಿ, ಆಮೇಲೆ ಪಿತೃಪಕ್ಷ, ಅದರ ಬೆನ್ನಿಗೇ ದಸರಾ. ಮುಟ್ಟಿನ ದಿನಗಳನ್ನಷ್ಟೇ ಬಿಟ್ಟು ಒಂದು ದಿನ ಗೊತ್ತುಮಾಡಿ. ಎಲ್ಲಿ ಮಾಡುತ್ತಾರೆಂದು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಜೊತೆಯಲ್ಲಿ ನೀವೂ ಹೋಗಿ.