ಸೌಂಡ್ ಇಂಜಿನಿಯರ್‌ಗೆ ಕೇಳಿ: ಕಡಿಮೆ ಬಜೆಟ್‌ನಲ್ಲಿ ಒಳ್ಳೆ ಹೆಡ್‌ಫೋನ್

ಪ್ರಶ್ನೆ: ಮೇಡಂ, ನಮಸ್ತೆ. ಎರಡು ವಾರದ ಹಿಂದೆ ಕಿವಿಯೊಳಗೆ ಕೂರುವಂಥ ವೈರ್ ಇಯರ್‌ಫೋನ್ ತಗೊಂಡೆ. ಈ ಬೆಲೆಗೆ ಇದಕ್ಕಿಂತ ಚೆನ್ನಾಗಿರೋದು ಸಿಗಲ್ಲ ಅಂತ ಎಲ್ಲ ಕಡೆ ಓದಿದ್ದೆ. ನನಗೆ ಮಾತ್ರ ಬೇಸ್ ಅನ್ನೋದೇ ಕೇಳಿಸುತ್ತಿಲ್ಲ. ದನಿ ತೆಳ್ಳಗೆ, ತಗಡು ಬಡಿದ ಹಾಗಿದೆ. ಫೋನಿಗೆ ಪವರ್ ಸಾಲದು, ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತೆ ಅಂದ ಗೆಳೆಯ. ಒಂದು ಆರ್ಡರ್ ಮಾಡಿದ್ದೇನೆ, ಇನ್ನೂ ಬಂದಿಲ್ಲ. ಇಯರ್‌ಫೋನಿಗಿಂತ ಅದರ ಬೆಲೆಯೇ ಜಾಸ್ತಿ. ಸರಿ ಮಾಡಿದೆನಾ?

ಉತ್ತರ: ಆರ್ಡರ್ ಕ್ಯಾನ್ಸಲ್ ಮಾಡಲು ಇನ್ನೂ ಸಮಯ ಇದ್ದರೆ ಒಂದು ದಿನ ಕಾಯಿರಿ. ನೀವು ಹೇಳುತ್ತಿರುವುದು ಪವರ್ ಸಾಲದ ಲಕ್ಷಣ ಅಲ್ಲ. ಪವರ್ ಸಾಲದಿದ್ದರೆ ಇಡೀ ಹಾಡೇ ಮೆಲ್ಲಗೆ ಕೇಳಿಸುತ್ತದೆ, ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಕಾಗುವುದಿಲ್ಲ. ಮಿಕ್ಕದ್ದೆಲ್ಲ ಜೋರಾಗಿದ್ದು ಬೇಸ್ ಒಂದೇ ಕಾಣೆಯಾಗಿದ್ದರೆ, ಹೆಚ್ಚಿನ ಸಲ ಗಾಳಿ ಸೋರುತ್ತಿದೆ ಎಂದೇ ಅರ್ಥ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಇಂಥ ಇಯರ್‌ಫೋನ್ ಹಾಕಿದಾಗ ಅದರ ಡ್ರೈವರ್‌ಗೂ (ಒಳಗಿನ ಪುಟ್ಟ ಸ್ಪೀಕರ್) ನಿಮ್ಮ ಕಿವಿ ತಮಟೆಗೂ ನಡುವೆ ಒಂದು ಪುಟ್ಟ ಗಾಳಿಯ ಗೂಡು ಉಳಿಯುತ್ತದೆ. ಡ್ರೈವರ್ ಆ ಗಾಳಿಯನ್ನು ಒತ್ತುತ್ತದೆ, ಬಿಡುತ್ತದೆ. ಗೂಡು ಬಿಗಿಯಾಗಿ ಮುಚ್ಚಿದ್ದರೆ ಒತ್ತಡ ಪೂರ್ತಿ ತಮಟೆಗೆ ಸಿಗುತ್ತದೆ. ಎಲ್ಲೋ ಒಂದು ಸಣ್ಣ ಸಂದು ಬಿಟ್ಟರೂ ಸಾಕು, ನಿಧಾನವಾಗಿ ಅಲುಗುವ ತಗ್ಗಿನ ದನಿ, ಅಂದರೆ ಬೇಸ್, ಅದರಲ್ಲಿ ಸೋರಿ ಹೋಗುತ್ತದೆ. ಮೇಲಿನ ದನಿಗೆ ಅಷ್ಟು ಪೆಟ್ಟು ಬೀಳುವುದಿಲ್ಲ. ಹಾಗಾಗಿ ಹಾಡು ನಿಲ್ಲುವುದಿಲ್ಲ, ತಗಡಿನಂತಾಗುತ್ತದೆ.

ಪರೀಕ್ಷೆ ಸುಲಭ. ಹಾಡು ಹಾಕಿ, ಎರಡೂ ಕಡೆ ಬೆರಳಿನಿಂದ ಇಯರ್‌ಫೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಥಟ್ಟನೆ ಬೇಸ್ ಬಂತಾ? ಹಾಗಾದರೆ ತೊಂದರೆ ರಬ್ಬರ್ ಟಿಪ್‌ನದ್ದು. ಇನ್ನೊಂದು ಗುರುತು: ಹಾಡು ನಿಲ್ಲಿಸಿ ಮಾತಾಡಿ ನೋಡಿ. ಸರಿಯಾಗಿ ಮುಚ್ಚಿದ್ದರೆ ನಿಮ್ಮದೇ ದನಿ ತಲೆಯೊಳಗೆ ಗುಂಯ್ ಎನ್ನಬೇಕು.

ಬಾಕ್ಸ್‌ನಲ್ಲಿ ಇನ್ನೂ ಎರಡು ಸೈಜಿನ ಟಿಪ್ ಬಂದಿರಬೇಕು, ಅಲ್ವಾ? ಮೊದಲು ದೊಡ್ಡದನ್ನು ಹಾಕಿ ನೋಡಿ. ಹಾಕುವಾಗ ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿಯಿರಿ. ಕಿವಿಯ ದಾರಿ ನೇರವಾಗುತ್ತದೆ, ಟಿಪ್ ಒಳಗೆ ಸರಿಯಾಗಿ ಕೂರುತ್ತದೆ. ನೋವಾಗುವಷ್ಟು ಮಾತ್ರ ತುರುಕಬೇಡಿ. ಏನಾಯಿತು ಅಂತ ಇಲ್ಲೇ ತಿಳಿಸಿ.

ಮರುಪ್ರಶ್ನೆ, ಅದೇ ಸದಸ್ಯರಿಂದ: ಸಂಜೆ ನೋಡಿ ಹೇಳುತ್ತೇನೆ ಮೇಡಂ. ಆದರೆ ಆಂಪ್ಲಿಫೈಯರ್ ಯಾರಿಗೂ ಬೇಡವೇ ಬೇಡ ಅಂತೀರಾ?

ಉತ್ತರ: ಕೆಲವರಿಗೆ ಬೇಕು. ಯಾರಿಗೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ.

ಹೆಡ್‌ಫೋನ್ ಬಾಕ್ಸ್ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. ಇನ್ನೊಂದು ಸೆನ್ಸಿಟಿವಿಟಿ, ಅಂದರೆ ಕೊಟ್ಟ ಪವರ್‌ಗೆ ಎಷ್ಟು ಡೆಸಿಬೆಲ್ (ಜೋರಿನ ಅಳತೆ) ದನಿ ಕೊಡುತ್ತದೆ ಎಂಬುದು. ನಿಮ್ಮ ಫೋನ್ 1 ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 32 ಓಮ್ ಹೆಡ್‌ಫೋನಿಗೆ ಅದರಿಂದ ಸುಮಾರು 31 ಮಿಲಿವ್ಯಾಟ್ ಪವರ್ ಹೋಗುತ್ತದೆ. 300 ಓಮ್‌ನದ್ದಕ್ಕೆ ಹೋಗುವುದು 3.3 ಮಾತ್ರ. ಈಗ 32 ಓಮ್‌ನ, 1 ಮಿಲಿವ್ಯಾಟ್‌ಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನ್ ತೆಗೆದುಕೊಳ್ಳಿ. ಅದೇ 1 ವೋಲ್ಟ್‌ಗೆ ಅದು 115 ಡೆಸಿಬೆಲ್ ಮುಟ್ಟುತ್ತದೆ. ಅಷ್ಟು ಜೋರಾಗಿ ಯಾರೂ ಕೇಳಬಾರದು. ಅಂದರೆ ನಿಮ್ಮ ಫೋನಿನಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಪವರ್ ಇದೆ.

ಸೆನ್‌ಹೈಸರ್ ಎಚ್‌ಡಿ 600 ತರಹದ 300 ಓಮ್ ಹೆಡ್‌ಫೋನ್ ಇದ್ದರೆ, ಇಲ್ಲವೇ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊದ 250 ಓಮ್ ಮಾದರಿ ಇದ್ದರೆ ಆಂಪ್ಲಿಫೈಯರ್ ಯೋಚಿಸಿ. ಅದೇ ಡಿಟಿ 770 ಪ್ರೊ 32 ಮತ್ತು 80 ಓಮ್‌ನಲ್ಲೂ ಬರುತ್ತದೆ. ಬರೀ ಹೆಸರು ನೋಡಿ ಕೊಂಡು, ಮನೆಗೆ ಬಂದ ಮೇಲೆ ದನಿ ಸಾಲದು ಎಂದು ಕೊರಗುವವರನ್ನು ನೋಡಿದ್ದೇನೆ. ಓಮ್ ಅಂಕಿ ನೋಡಿಯೇ ಕೊಳ್ಳಿ.

ಇಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ. ಕೆಲವು ಕಂಪನಿಗಳು ಸೆನ್ಸಿಟಿವಿಟಿಯನ್ನು 1 ಮಿಲಿವ್ಯಾಟ್‌ಗೆ ಹೇಳುತ್ತವೆ, ಕೆಲವು 1 ವೋಲ್ಟ್‌ಗೆ. 32 ಓಮ್ ಹೆಡ್‌ಫೋನಿನಲ್ಲಿ ಈ ಎರಡರ ನಡುವೆ 15 ಡೆಸಿಬೆಲ್ ವ್ಯತ್ಯಾಸ ಬೀಳುತ್ತದೆ. ಎರಡು ಬಾಕ್ಸ್ ಪಕ್ಕಪಕ್ಕ ಇಟ್ಟು ಅಂಕಿ ಹೋಲಿಸುವ ಮುಂಚೆ ಆ ಚಿಕ್ಕ ಅಕ್ಷರ ಓದಿ.

ಪ್ರಶ್ನೆ: ನನ್ನ ಹೊಸ ಫೋನಿನಲ್ಲಿ 3.5 ಎಂಎಂ ತೂತೇ ಇಲ್ಲ. ಇಯರ್‌ಫೋನ್ ಸಿಕ್ಕಿಸಲು ಟೈಪ್-ಸಿ ಡಾಂಗಲ್ ತಗೊಂಡೆ, ಫೋನ್ ಅದನ್ನು ಗುರುತಿಸಲೇ ಇಲ್ಲ. ಗೆಳತಿಯ ಫೋನಿನಲ್ಲಿ ಚೆನ್ನಾಗಿ ಓಡುತ್ತದೆ. ಡಾಂಗಲ್ ಹಾಳಾ, ಫೋನ್ ಹಾಳಾ?

ಉತ್ತರ: ಎರಡೂ ಹಾಳಲ್ಲ. ನೋಡಲು ಒಂದೇ ತರ ಇರುವ ಡಾಂಗಲ್‌ಗಳಲ್ಲಿ ಎರಡು ಜಾತಿ. ಒಂದರೊಳಗೆ ಡ್ಯಾಕ್ ಚಿಪ್ ಇರುತ್ತದೆ. ಫೋನಿನ ಡಿಜಿಟಲ್ ಅಂಕಿಗಳನ್ನು ಅದೇ ದನಿಯ ಸಿಗ್ನಲ್ ಮಾಡಿಕೊಡುತ್ತದೆ. ಇನ್ನೊಂದು ಬರೀ ತಂತಿ. ಫೋನೇ ಆ ಕೆಲಸ ಮಾಡಿ, ತಯಾರಾದ ಸಿಗ್ನಲನ್ನು ಟೈಪ್-ಸಿಯಲ್ಲಿ ಹೊರಗೆ ಕಳಿಸಿದರೆ ಮಾತ್ರ ಅದು ನಡೆಯುತ್ತದೆ. ಗೆಳತಿಯ ಫೋನ್ ಹಾಗೆ ಕಳಿಸುತ್ತದೆ, ನಿಮ್ಮದು ಕಳಿಸುವುದಿಲ್ಲ. ಒಳಗೆ ಡ್ಯಾಕ್ ಇದೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ತೆಗೆದುಕೊಳ್ಳಿ. ಆಪಲ್‌ನ ಟೈಪ್-ಸಿ ಡಾಂಗಲ್ ಚಿಕ್ಕದಾದರೂ ದನಿ ಬಹಳ ಸ್ವಚ್ಛ. ಆದರೆ ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ತಗ್ಗಿರುತ್ತದೆ. ನಿಮ್ಮ ಫೋನಿಗೆ ಹಾಕಿ ನೋಡಿ ಕೊಳ್ಳಿ.

ಕಂಪ್ಯೂಟರ್‌ಗೆ ಹಾಕುವವರಿಗೂ ಒಂದು ಮಾತು. ಮೈಕ್ ಇರುವ ಇಯರ್‌ಫೋನಿನ ಪಿನ್ ಮೇಲೆ ಮೂರು ಕಪ್ಪು ಗೆರೆ ಇರುತ್ತವೆ, ಮೈಕ್ ಇಲ್ಲದ್ದಕ್ಕೆ ಎರಡು. ಕಂಪ್ಯೂಟರ್‌ನಲ್ಲಿ ಮೈಕಿಗೂ ಹೆಡ್‌ಫೋನಿಗೂ ಬೇರೆ ಬೇರೆ ತೂತು ಇದ್ದರೆ, ಒಂದನ್ನು ಎರಡು ಮಾಡುವ ಸಣ್ಣ ವೈ ಕೇಬಲ್ ಬೇಕು. ಇಲ್ಲದಿದ್ದರೆ ಮೈಕ್ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಸೊಗಸಾಗಿದೆ. ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದ ತಕ್ಷಣ ಎಲ್ಲವೂ ಹಳೆ ಟೆಲಿಫೋನಿನ ತರ ಆಗುತ್ತದೆ. ಇನ್ನೂ ದುಬಾರಿಯದ್ದು ತಗೋಬೇಕಾ?

ಉತ್ತರ: ಬೇಡ. ಅದಕ್ಕೂ ಹೀಗೇ ಆಗಬಹುದು. ಹಾಡು ಕೇಳುವಾಗ ಬ್ಲೂಟೂತ್ ಒಂದೇ ಕಡೆಗೆ, ಸ್ಟೀರಿಯೊದಲ್ಲಿ ದನಿ ಕಳಿಸುತ್ತದೆ. ಹೆಡ್‌ಫೋನಿನ ಮೈಕ್ ಆನ್ ಆದರೆ ಎರಡೂ ಕಡೆಗೆ ದನಿ ಹೋಗಬೇಕು. ಆಗ ಅದು ಫೋನ್ ಕಾಲ್‌ಗಾಗಿ ಮಾಡಿದ ಬೇರೆ ವಿಧಾನಕ್ಕೆ ಬದಲಾಗುತ್ತದೆ. ಅದರಲ್ಲಿ ದನಿ ಮೋನೊ, ಅಂದರೆ ಎರಡೂ ಕಿವಿಗೆ ಒಂದೇ. ಸ್ಯಾಂಪ್ಲಿಂಗ್, ಅಂದರೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ ಎಂಬುದು, ಸೆಕೆಂಡಿಗೆ 16,000, ಹಳೆಯದಾದರೆ 8,000. 16,000 ಸ್ಯಾಂಪಲ್‌ನಲ್ಲಿ ಅದರ ಅರ್ಧ, 8,000 ಹರ್ಟ್ಜ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನ) ಮೇಲಿನ ದನಿ ಹಿಡಿಸುವುದೇ ಇಲ್ಲ. ಮನುಷ್ಯರ ಕಿವಿಯ ವ್ಯಾಪ್ತಿ 20ರಿಂದ 20,000 ಹರ್ಟ್ಜ್ ಅಂತ ನೆನಪಿಸಿಕೊಂಡರೆ ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ.

ಪರಿಹಾರಕ್ಕೆ ಖರ್ಚೇ ಇಲ್ಲ. ಮೀಟಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಜಾಗಕ್ಕೆ ಹೆಡ್‌ಫೋನ್ ಇಡಿ, ಮೈಕ್ ಜಾಗಕ್ಕೆ ಲ್ಯಾಪ್‌ಟಾಪಿನ ಮೈಕ್ ಆರಿಸಿ. ದನಿ ತಿರುಗಿ ಚೆನ್ನಾಗುತ್ತದೆ. ಬ್ಲೂಟೂತ್‌ನ ಹೊಸ ಎಲ್‌ಇ ಆಡಿಯೊ ವಿಧಾನದಲ್ಲಿ ಈ ತೊಂದರೆ ಕಡಿಮೆ. ಆದರೆ ಲ್ಯಾಪ್‌ಟಾಪ್, ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು.

ಪ್ರಶ್ನೆ: ಹೈ-ರೆಸ್ ಅಂತ ಚಿನ್ನದ ಬಣ್ಣದ ಸ್ಟಿಕ್ಕರ್ ಇರೋದನ್ನೇ ತಗೋಬೇಕಾ? 40,000 ಹರ್ಟ್ಜ್ ತನಕ ಅಂತ ಬರೆದಿದ್ದಾರೆ.

ಉತ್ತರ: ಸ್ಟಿಕ್ಕರ್ ನೋಡಿ ಕೊಳ್ಳಬೇಡಿ. 20,000ದ ಮೇಲಿನದ್ದು ನಿಮಗೆ ಕೇಳಿಸುವುದಿಲ್ಲ, ವಯಸ್ಸಾದಂತೆ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಎಷ್ಟು ದೂರ ಮುಟ್ಟುತ್ತದೆ ಅನ್ನುವುದಕ್ಕಿಂತ, ಕೇಳಿಸುವ ಜಾಗದಲ್ಲಿ ಎಷ್ಟು ಸಮನಾಗಿದೆ ಅನ್ನುವುದು ಮುಖ್ಯ. ಅದನ್ನು ಬಾಕ್ಸ್ ಹೇಳುವುದಿಲ್ಲ. ಅಳತೆ ಮಾಡಿದ ಗ್ರಾಫ್ ಹೇಳುತ್ತದೆ. ಡ್ರೈವರ್ ಎಷ್ಟು ಎಂಎಂ ಎಂಬುದೂ ಹೀಗೆಯೇ. ದೊಡ್ಡದೆಲ್ಲ ಒಳ್ಳೆಯದಲ್ಲ.

ಪ್ರಶ್ನೆ: ಅಂಗಡಿಯಲ್ಲಿ ಎರಡು ಹೆಡ್‌ಫೋನ್ ಕೇಳಿ ಒಂದನ್ನು ಆರಿಸಿದೆ. ಮನೆಗೆ ಬಂದ ಮೇಲೆ ಅದು ಕಿವಿಗೆ ಚುಚ್ಚುತ್ತಿದೆ. ನನ್ನ ಕಿವಿಯೇ ಸರಿ ಇಲ್ವಾ?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಇದೆ. ಎರಡರ ಜೋರು ಸಮ ಮಾಡಿ ಕೇಳಿರಲಿಕ್ಕಿಲ್ಲ, ಅಷ್ಟೆ. ಕಿವಿಗೆ ಒಂದು ಸ್ವಭಾವ ಇದೆ. ದನಿ ಜೋರಾದಷ್ಟೂ ಬೇಸ್ ಚೆನ್ನಾಗಿ ಕೇಳಿಸುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂಗಡಿಯಲ್ಲಿ ಒಂದು ಹೆಡ್‌ಫೋನ್ ಸ್ವಲ್ಪ ಜೋರಾಗಿದ್ದರೂ ಸಾಕು, ಅದೇ ಒಳ್ಳೆಯದು ಅನಿಸುತ್ತದೆ. ನಾವು ಸ್ಟುಡಿಯೋದಲ್ಲಿ ಎರಡು ಮಿಕ್ಸ್ ಹೋಲಿಸುವಾಗ ಮೊದಲು ಎರಡರ ಜೋರನ್ನೂ ಸಮ ಮಾಡಿಕೊಳ್ಳುತ್ತೇವೆ, ಆಮೇಲೆ ತೀರ್ಪು. ನೀವೂ ಒಬ್ಬರ ಮಾತು ಮಾತ್ರ ಇರುವ ರೆಕಾರ್ಡಿಂಗ್ ಹಾಕಿ. ಎರಡರಲ್ಲೂ ಆ ಮಾತು ಒಂದೇ ಜೋರಿಗೆ ಬರುವ ತನಕ ವಾಲ್ಯೂಮ್ ಹೊಂದಿಸಿ. ಆಮೇಲೆ ಹಾಡು ಹಾಕಿ. ಚೆನ್ನಾಗಿ ಗೊತ್ತಿರುವ ಮೂರು ಹಾಡು ಸಾಕು. ಒಂದರಲ್ಲಿ ಬರೀ ದನಿ, ಒಂದರಲ್ಲಿ ಆಳದ ಡ್ರಮ್, ಇನ್ನೊಂದರಲ್ಲಿ ಒಟ್ಟಿಗೆ ಹಲವು ವಾದ್ಯ ಇರಲಿ. ಒಂದು ನಿಮಿಷ ಕೇಳಿ ಬಿಡಬೇಡಿ, ಅರ್ಧ ಗಂಟೆ ಹಾಕಿಕೊಳ್ಳಿ. ಚುಚ್ಚುವ ಟ್ರೆಬಲ್ಲೂ (ಮೇಲಿನ ದನಿ) ಹಿಸುಕುವ ಕುಶನ್ನೂ ಆಗಲೇ ಗೊತ್ತಾಗುವುದು.

ಈಗ ಕೊಂಡಿದ್ದಕ್ಕೆ ದಾರಿ ಇದೆ, ಈಕ್ವಲೈಸರ್. ಅಂದರೆ ಬೇಸ್, ಟ್ರೆಬಲ್‌ನಂಥ ಒಂದೊಂದು ಭಾಗವನ್ನೇ ಏರಿಸಿ ಇಳಿಸುವ ಸೌಲಭ್ಯ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಆ್ಯಪ್, ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಇವೆ. ಚುಚ್ಚುವ ಜಾಗ ಹೆಚ್ಚಾಗಿ 5,000ದಿಂದ 9,000 ಹರ್ಟ್ಜ್ ನಡುವೆ ಇರುತ್ತದೆ. ಅಲ್ಲಿ 3 ಡೆಸಿಬೆಲ್ ಇಳಿಸಿ ನೋಡಿ. ಏರಿಸುವುದಕ್ಕಿಂತ ಇಳಿಸುವುದು ಒಳ್ಳೆಯದು. ಬೇಸನ್ನು 5 ಡೆಸಿಬೆಲ್ ಏರಿಸಲೇಬೇಕು ಅನಿಸಿದರೆ ಆ್ಯಪ್‌ನಲ್ಲಿ ಪ್ರಿಆಂಪ್ (ಒಟ್ಟು ಜೋರು) ಅನ್ನುವ ಜಾಗದಲ್ಲಿ ಅಷ್ಟೇ ಇಳಿಸಿ. ಇಲ್ಲದಿದ್ದರೆ ದನಿ ಒಡೆಯುತ್ತದೆ.

ಪ್ರಶ್ನೆ: ವಿಡಿಯೊ ಎಡಿಟಿಂಗ್ ಕಲಿಯುತ್ತಿದ್ದೇನೆ. ಒಂದೇ ಹೆಡ್‌ಫೋನ್ ಕೊಳ್ಳಲು ಸಾಧ್ಯ. ಹಿಂಭಾಗ ತೆರೆದಿರುವ ಓಪನ್ ಬ್ಯಾಕ್ ತಗೋಲಾ, ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ತಗೋಲಾ? ಕನ್ನಡಕ ಹಾಕುತ್ತೇನೆ.

ಉತ್ತರ: ಮೈಕ್ ಮುಂದೆ ಕೂತು ದನಿ ರೆಕಾರ್ಡ್ ಮಾಡುವುದಿದ್ದರೆ ಕ್ಲೋಸ್ಡ್. ಓಪನ್‌ನಿಂದ ಹೊರಗೆ ಬರುವ ದನಿಯನ್ನು ಮೈಕ್ ಹಿಡಿದುಬಿಡುತ್ತದೆ. ಶಾಂತವಾದ ಕೋಣೆಯಲ್ಲಿ ಬರೀ ಎಡಿಟಿಂಗ್ ಆದರೆ ಓಪನ್ ಕೊಳ್ಳಿ. ಗಂಟೆಗಟ್ಟಲೆ ಹಾಕಿದರೂ ಹಾಯಾಗಿರುತ್ತದೆ, ದನಿ ತಲೆಯ ಹೊರಗೆ ಹರಡಿದಂತೆ ಕೇಳಿಸುತ್ತದೆ. ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು ಕ್ಲೋಸ್ಡ್. ಆಡಿಯೊ-ಟೆಕ್ನಿಕಾ ಎಂ40ಎಕ್ಸ್ 35 ಓಮ್, ಸೋನಿ ಎಂಡಿಆರ್-7506 63 ಓಮ್. ಎರಡನ್ನೂ ಲ್ಯಾಪ್‌ಟಾಪ್ ಸಲೀಸಾಗಿ ನಡೆಸುತ್ತದೆ. 7506 ಬಂದದ್ದು 1991ರಲ್ಲಿ, ಇವತ್ತಿಗೂ ರೆಕಾರ್ಡಿಂಗ್ ಮಾಡುವವರ ತಲೆ ಮೇಲೆ ಕಾಣಿಸುತ್ತದೆ. ಬರೀ ಹಾಡು ಕೇಳಲು, ಹಗುರವಾಗಿ ಬೇಕು ಅನ್ನುವವರಿಗೆ 1984ರ ಕಾಸ್ ಪೋರ್ಟಾ ಪ್ರೊ ಈಗಲೂ ಸಿಗುತ್ತದೆ. ಇಷ್ಟು ವರ್ಷ ಒಂದು ಮಾದರಿ ಉಳಿದಿದ್ದರೆ ಅದರಲ್ಲಿ ಏನೋ ಸರಿ ಇದೆ ಅಂತಲೇ ನನಗೆ ಅನಿಸುತ್ತದೆ.

ಕನ್ನಡಕದ ವಿಷಯ ಹೇಳಿದ್ದು ಒಳ್ಳೆಯದಾಯಿತು. ಅದರ ಕಡ್ಡಿ ಕುಶನ್ ಕೆಳಗೆ ಸಂದು ಮಾಡುತ್ತದೆ. ಮೊದಲ ಪ್ರಶ್ನೆಯಲ್ಲಿ ಹೇಳಿದ ಹಾಗೆ ಬೇಸ್ ಅಲ್ಲೇ ಸೋರುತ್ತದೆ. ಮೆತ್ತನೆ ಕುಶನ್ ಇರುವುದನ್ನು, ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಹಳೆ ಹೆಡ್‌ಫೋನಿನ ಕುಶನ್ ಸಿಪ್ಪೆ ಏಳುತ್ತಿದ್ದರೆ ಹೊಸ ಕುಶನ್ ಹಾಕಿಸಿ, ಹೆಡ್‌ಫೋನನ್ನೇ ಬಿಸಾಡಬೇಡಿ. ಚರ್ಮದಂಥದ್ದನ್ನು ತೆಗೆದು ಮಖಮಲ್ ಬಟ್ಟೆಯದ್ದು ಹಾಕಿದರೆ ಸೌಂಡ್ ಬದಲಾಗುತ್ತದೆ, ಬೇಸ್ ಸಾಮಾನ್ಯವಾಗಿ ತಗ್ಗುತ್ತದೆ. ಮೂಲದಲ್ಲಿದ್ದ ತರಹದ್ದನ್ನೇ ಹಾಕಿ.

ಪ್ರಶ್ನೆ: ಬಲಗಡೆ ದನಿ ಕಮ್ಮಿಯಾಗಿದೆ. ರಿಪೇರಿ ಆಗುತ್ತಾ?

ಉತ್ತರ: ಇಯರ್‌ಫೋನನ್ನು ತಿರುಗಿಸಿ, ಬಲದ್ದನ್ನು ಎಡಗಿವಿಗೆ ಹಾಕಿ. ಕಮ್ಮಿ ದನಿ ಈಗಲೂ ಬಲಗಿವಿಯಲ್ಲೇ ಇದ್ದರೆ ಕಿವಿಯನ್ನು ಡಾಕ್ಟರ್‌ಗೆ ತೋರಿಸಿ. ಇಯರ್‌ಫೋನ್ ಜೊತೆ ಎಡಕ್ಕೆ ಬಂದರೆ ಟಿಪ್ ತೆಗೆದು ಒಳಗಿನ ಜಾಲರಿ ನೋಡಿ, ಕಿವಿಯ ಗುಗ್ಗೆ ಕಟ್ಟಿಕೊಂಡಿರಬಹುದು. ಜಾಲರಿ ಕೆಳಮುಖ ಮಾಡಿ ಹಿಡಿದು, ಒಣ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ. ಪಿನ್ನು, ಸೂಜಿ ಹಾಕಬೇಡಿ. ಟಿಪ್‌ಗಳನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ-ಬಲ ಬ್ಯಾಲೆನ್ಸ್ ಗೆರೆ ಸರಿದಿದೆಯಾ ಎಂದೂ ನೋಡಿ.

ಪ್ರಶ್ನೆ: ಬೆಳ್ಳಿ ಲೇಪನದ ಕೇಬಲ್ ಹಾಕಿದರೆ ಸೌಂಡ್ ಸುಧಾರಿಸುತ್ತಾ? ಹೊಸ ಇಯರ್‌ಫೋನನ್ನು ನೂರು ಗಂಟೆ ಸುಮ್ನೆ ಓಡಿಸಬೇಕು ಅಂತಾರೆ?

ಉತ್ತರ: ಕೇಬಲ್ ಸರಿಯಿದ್ದರೆ ದನಿಯಲ್ಲಿ ಕೇಳಿಸುವ ವ್ಯತ್ಯಾಸ ಇಲ್ಲ. ಕಿತ್ತು ಹಾಕಬಹುದಾದ ಕೇಬಲ್ ಇರುವ ಇಯರ್‌ಫೋನ್ ಕೊಳ್ಳಿ, ಅದು ನಿಜವಾದ ಲಾಭ. ಮೊದಲು ಹಾಳಾಗುವುದು ಕೇಬಲ್ಲೇ. ನೂರು ಗಂಟೆ ಬೇಡ. ಆ ದಿನಗಳಲ್ಲಿ ಮುಖ್ಯವಾಗಿ ಒಗ್ಗಿಕೊಳ್ಳುವುದು ನಿಮ್ಮ ಕಿವಿ.

ಪ್ರಶ್ನೆ: ಮಗ ಇಡೀ ದಿನ ಹೆಡ್‌ಫೋನ್ ಹಾಕಿರುತ್ತಾನೆ. ಎಷ್ಟು ಜೋರು ಪರವಾಗಿಲ್ಲ ಮೇಡಂ?

ಉತ್ತರ: ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 90ಕ್ಕೆ ವಾರಕ್ಕೆಲ್ಲ ಸೇರಿ 4 ಗಂಟೆ. ಹೊರಗಿನ ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುವುದೇ ದೊಡ್ಡ ತಪ್ಪು. ಕಿವಿಯನ್ನು ಚೆನ್ನಾಗಿ ಮುಚ್ಚುವ ಟಿಪ್ ಇದ್ದರೆ ಏರಿಸಬೇಕು ಅನಿಸುವುದೇ ಇಲ್ಲ. ಹೊರಗಿನ ಗದ್ದಲ ತಗ್ಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಕೂಡ ಬಸ್ಸಿನ, ಫ್ಯಾನಿನ ಗುಂಯ್ ದನಿಯನ್ನು ಚೆನ್ನಾಗಿ ಇಳಿಸುತ್ತದೆ, ಪಕ್ಕದವರ ಮಾತನ್ನು ಅಷ್ಟಾಗಿ ಅಲ್ಲ. ಮಗನ ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಮಿತಿ ಇಡುವ ಸೌಲಭ್ಯ ಇದ್ದರೆ ಇವತ್ತೇ ಹಾಕಿಡಿ.

ಮೊದಲ ಪ್ರಶ್ನೆ ಕೇಳಿದ ಸದಸ್ಯರು: ಮೇಡಂ, ಬೆರಳಿನಿಂದ ಒತ್ತಿದ ತಕ್ಷಣ ಬೇಸ್ ಬಂತು! ಎಡಕ್ಕೆ ದೊಡ್ಡ ಟಿಪ್ ಹಾಕಿದೆ, ಸರಿಯಾಗಿ ಕೂತಿತು. ಬಲಕ್ಕೆ ದೊಡ್ಡದು ನೋಯುತ್ತಿದೆ, ಮಧ್ಯದ್ದೇ ಸಾಕಾಗುತ್ತಿದೆ. ಎರಡೂ ಬೇರೆ ಸೈಜ್ ಹಾಕಬಹುದಾ? ಆಂಪ್ಲಿಫೈಯರ್ ಆರ್ಡರ್ ಕ್ಯಾನ್ಸಲ್ ಮಾಡಿದೆ.

ಉತ್ತರ: ಧಾರಾಳವಾಗಿ ಹಾಕಿ. ಒಬ್ಬರದ್ದೇ ಆದರೂ ಎರಡು ಕಿವಿ ಒಂದೇ ಅಳತೆ ಇರಲೇಬೇಕು ಅಂತಿಲ್ಲ. ನನ್ನದೂ ಎಡ, ಬಲ ಬೇರೆ ಬೇರೆ ಸೈಜೇ. ಬೇಸ್ ಬರಲಿ ಅಂತ ಮುಂಚೆ ಈಕ್ವಲೈಸರ್‌ನಲ್ಲಿ ಏನಾದರೂ ಏರಿಸಿದ್ದರೆ ಈಗ ಅದನ್ನು ಸೊನ್ನೆಗೆ ತನ್ನಿ. ಇಲ್ಲದಿದ್ದರೆ ನಾಳೆ ಬೇಸ್ ಜಾಸ್ತಿಯಾಯಿತು ಅಂತ ಅನಿಸುತ್ತದೆ.