ಸಹಾಯ ಬೇಕು: 'ದಿ ವುಲ್ಫ್‌ಪ್ಯಾಕ್'ಗೆ ಕನ್ನಡ ಸಬ್‌ಟೈಟಲ್

ಎಲ್ರಿಗೂ ನಮಸ್ಕಾರ, ಇದು 2015ರ ಡಾಕ್ಯುಮೆಂಟರಿ, ನ್ಯೂಯಾರ್ಕ್ ಫ್ಲ್ಯಾಟೊಂದ್ರಲ್ಲಿ ಅಪ್ಪ ಆರು ಗಂಡುಮಕ್ಕಳನ್ನ ಕೂಡಿಹಾಕಿ ಬೆಳೆಸಿದ್ದು, ಒಂದು ವರ್ಷ ಅಂತೂ ಒಂದ್ಸಲಾನೂ ಹೊರಗೆ ಬಿಟ್ಟಿಲ್ಲ, ಹುಡುಗ್ರು ಪ್ರಪಂಚ ಕಂಡಿದ್ದೆಲ್ಲ ಸಿನಿಮಾದಲ್ಲೇ, ಸೀರಿಯಲ್ ಡಬ್ಬದ ರಟ್ಟು, ಯೋಗಾ ಮ್ಯಾಟ್ ಕತ್ತರಿಸಿ ಬ್ಯಾಟ್‌ಮನ್ ಡ್ರೆಸ್ಸು ಬೇರೆ! ಅಪ್ಪ ಪೆರು ದೇಶದವನು, ಮಕ್ಕಳ ಹೆಸರು ನೋಡಿದ್ರೆ ಗೋವಿಂದ, ಮುಕುಂದ, ನಾರಾಯಣ. ಇದನ್ನ ಕೇಳಿದ್ದೇ ತಡ ನಮ್ಮಮ್ಮ ನಂಗೂ ತೋರ್ಸು ಅಂತ ಕೂತಿದಾರೆ, ಅವ್ರಿಗೆ ಇಂಗ್ಲಿಷ್ ಬರಲ್ಲ.

ನಾನೇ ಕೂತು ಎಸ್‌ಆರ್‌ಟಿ ಫೈಲಲ್ಲಿ (ಸಬ್‌ಟೈಟಲ್ ಸಾಲು, ಅದು ಬರೋ ಟೈಮು ಇರೋ ಫೈಲು) ಕನ್ನಡ ಟೈಪ್ ಮಾಡ್ದೆ, ಲ್ಯಾಪ್‌ಟಾಪಲ್ಲಿ ಸರಿಯಾಗೇ ಬರತ್ತೆ, ಪೆನ್‌ಡ್ರೈವಲ್ಲಿ ಟಿವಿಗೆ ಹಾಕಿದ್ರೆ ಒತ್ತಕ್ಷರ ಎಲ್ಲ ಕಿತ್ಕೊಂಡು 'ಅಮ್ಮ' ಹೋಗಿ 'ಅಮ್‌ಮ' ಆಗತ್ತೆ. ಕನ್ನಡ ಅಕ್ಷರ ಸರಿಯಾಗಿ ಉಳಿಯೋ ಯುಟಿಎಫ್-8 ಎನ್‌ಕೋಡಿಂಗಲ್ಲೇ ಸೇವ್ ಮಾಡಿದೀನಿ. ಸಬ್‌ಟೈಟಲ್‌ನ ವಿಡಿಯೋ ಒಳಗೇ ಸೇರಿಸ್ಬಿಡೋದು ಹೇಗೆ, ಗೊತ್ತಿರೋರು ಹೇಳ್ಕೊಡಿ ಪ್ಲೀಸ್, ಭಾನುವಾರದೊಳಗೆ ಆದ್ರೆ ಒಳ್ಳೇದು, ಅಮ್ಮ ದಿನಾ ಕೇಳ್ತಿದಾರೆ.