ಅರ್ಧ ವೇಗ ದಾಟಿದರೆ ಮಾದರಿ ದೋಣಿಯ ಶಾಫ್ಟ್ ಗರಗರ ಎನ್ನುತ್ತದೆ, ಏನು ಮಾಡಲಿ?

ಪ್ರಶ್ನೆ:
ಟಗ್ ದೋಣಿಯ ಮಾದರಿಯೊಂದನ್ನು ಕಟ್ಟಿದ್ದೇನೆ. ಪ್ರೊಪೆಲ್ಲರ್ ತಿರುಗಿಸಲು 4 ಮಿ.ಮೀ. ಸ್ಟೀಲ್ ಶಾಫ್ಟ್ (ಸರಳು), ಅದರ ಸುತ್ತ ಹಿತ್ತಾಳೆ ಕೊಳವೆ, ಕೊಳವೆಯ ಎರಡು ತುದಿಗೂ ಶಾಫ್ಟನ್ನು ಹಿಡಿಯುವ ಬುಷ್ (ಬಳೆ), ಮೋಟಾರಿಗೂ ಶಾಫ್ಟಿಗೂ ನಡುವೆ ಒಂದು ಯೂನಿವರ್ಸಲ್ ಜಾಯಿಂಟ್ (ಓರೆಯಾಗಿಯೂ ತಿರುಗಬಲ್ಲ ಕೀಲು). ನಿಧಾನವಾಗಿ ಓಡಿಸಿದರೆ ಸದ್ದೇ ಇಲ್ಲ. ವೇಗ ಅರ್ಧ ದಾಟಿತೆಂದರೆ ಡೆಕ್ಕಿನ ಮೇಲೆ ಕೈಯಿಟ್ಟರೂ ಕಂಪನ ತಿಳಿಯುತ್ತದೆ. ಕೊಳವೆಗೆ ಗ್ರೀಸ್ ತುಂಬಿದರೆ ಕೆಲವು ದಿನ ತಗ್ಗಿ, ಮತ್ತೆ ಶುರುವಾಗುತ್ತದೆ.

ಉತ್ತರ 1:
ಗ್ರೀಸ್ ಸದ್ದನ್ನು ಮುಚ್ಚುತ್ತದೆಯೇ ಹೊರತು ಕಾರಣವನ್ನು ತೆಗೆಯುವುದಿಲ್ಲ. ಜಾಯಿಂಟ್ ಕಳಚಿ ಬರೀ ಮೋಟಾರನ್ನು ಓಡಿಸಿ. ನಂತರ ಪ್ರೊಪೆಲ್ಲರ್ ಇಲ್ಲದೆ ಶಾಫ್ಟ್ ಜೋಡಿಸಿ, ಕೊನೆಗೆ ಪ್ರೊಪೆಲ್ಲರ್ ಸಮೇತ. ಗರಗರ ಯಾವ ಹಂತದಲ್ಲಿ ಬಂತೋ ದೋಷ ಅಲ್ಲಿದೆ.

ನನ್ನ ಅನುಮಾನ ಮಾತ್ರ ಮೋಟಾರ್ ಮತ್ತು ಶಾಫ್ಟಿನ ಜೋಡಣೆಯ ಮೇಲೆ. ಎಷ್ಟೇ ಓರೆಯಿದ್ದರೂ ಯೂನಿವರ್ಸಲ್ ಜಾಯಿಂಟ್ ನೋಡಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ನಾನು ಸುತರಾಂ ಒಪ್ಪುವುದಿಲ್ಲ. ಒಂಟಿ ಜಾಯಿಂಟ್ ಓರೆಯಾಗಿ ತಿರುಗುವಾಗ, ಮೋಟಾರಿನ ವೇಗ ಒಂದೇ ಸಮವಿದ್ದರೂ, ಶಾಫ್ಟ್ ಪ್ರತಿ ಸುತ್ತಿನಲ್ಲೂ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂಜರಿಯುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದಾಗ ಆ ಎಳೆದಾಟ ಬುಷ್‌ಗಳನ್ನು ಬಡಿಯುತ್ತದೆ, ಟೊಳ್ಳು ಒಡಲು ತಂಬೂರಿಯ ಬುರುಡೆಯ ಹಾಗೆ ಅದನ್ನು ದೊಡ್ಡದು ಮಾಡುತ್ತದೆ.

ಮೋಟಾರ್ ಕೂರಿಸುವಾಗ ಜಾಯಿಂಟಿನ ಜಾಗದಲ್ಲಿ ಮೋಟಾರಿನ ಶಾಫ್ಟಿಗೂ ಪ್ರೊಪೆಲ್ಲರಿನ ಶಾಫ್ಟಿಗೂ ಬಿಗಿಯಾಗಿ ಕೂರುವಂತೆ ನೇರವಾಗಿ ಕೊರೆದ ಗಟ್ಟಿ ಹಿತ್ತಾಳೆ ತುಂಡೊಂದನ್ನು ಹಾಕಿ. ಬೆರಳಿನಿಂದ ತಿರುಗಿಸುತ್ತಾ, ಎಲ್ಲೂ ಹಿಡಿಯದಂತೆ, ಮೋಟಾರಿನ ಕೆಳಗೆ ತೆಳು ತಗಡಿನ ಪ್ಯಾಕಿಂಗ್ ಕೊಡಿ. ಸಲೀಸಾಗಿ ತಿರುಗಿದ ಮೇಲೆಯೇ ಸ್ಕ್ರೂ ಬಿಗಿದು, ತುಂಡು ತೆಗೆದು ಜಾಯಿಂಟ್ ಹಾಕಿ. ಇದಕ್ಕೆ ತಾಳ್ಮೆ ಬೇಕು, ಆದರೆ ಇದಕ್ಕಿಂತ ಫಲ ಕೊಡುವ ಕೆಲಸ ಇನ್ನೊಂದಿಲ್ಲ.

ಉತ್ತರ 2:
ಶಾಫ್ಟನ್ನು ಹೊರಗೆಳೆದು ಗಾಜಿನ ಮೇಲೆ ಉರುಳಿಸಿ ನೋಡಿ. ಅಡಿಯಿಂದ ಬೆಳಕು ಇಣುಕಿ ಮರೆಯಾಗುತ್ತಿದ್ದರೆ ಅದು ಬಾಗಿದೆ. ಕೊಳವೆ ಉದ್ದವಿದ್ದು ನಡುವೆ ಆಸರೆ ಇಲ್ಲದಿದ್ದರೆ ಅಲ್ಲೊಂದು ಮರದ ಅಡ್ಡಪಟ್ಟಿ ಅಂಟಿಸಿ.

ಪ್ರಶ್ನೆ ಕೇಳಿದವರು:
ಬರೀ ಮೋಟಾರ್ ಸದ್ದು ಮಾಡುವುದಿಲ್ಲ. ಶಾಫ್ಟ್ ಜೋಡಿಸಿದೊಡನೆ, ಪ್ರೊಪೆಲ್ಲರ್ ಇಲ್ಲದೆಯೂ ಗರಗರ ಬಂತು. ಗಾಜಿನ ಮೇಲೆ ಶಾಫ್ಟ್ ನೇರವಾಗಿಯೇ ಉರುಳಿತು.

ಉತ್ತರ 1:
ಹಾಗಾದರೆ ಸಮತೂಕಕ್ಕೆಂದು ಪ್ರೊಪೆಲ್ಲರಿಗೆ ಅರ ಹಾಕಬೇಡಿ, ಅದು ನಿರಪರಾಧಿ. ಜೋಡಣೆಯಿಂದಲೇ ಶುರುಮಾಡಿ. ಶಾಫ್ಟ್ ಬುಷ್‌ನೊಳಗೆ ಅಡ್ಡಡ್ಡ ಅಲುಗಾಡುತ್ತದೆಯೇ ಎಂದೂ ನೋಡಿ. ಅಲುಗಾಡಿದರೆ ಬುಷ್ ಸವೆದಿದೆ, ಮೊದಲು ಅದನ್ನು ಬದಲಿಸಿ. ಹಿಂದೆಮುಂದೆ ಸರಿಯಲು ಮಾತ್ರ ಕಾಗದದಷ್ಟು ಜಾಗ ಬಿಡಿ, ಪೂರ್ತಿ ಬಿಗಿದರೆ ವಾಷರ್ ಉಜ್ಜುತ್ತದೆ.